ಟೂಲ್ ತುದಿಗೆ ಗುರಿಯಿಟ್ಟ ಗಾಳಿ

ಬುಕ್ಕಸಾಗರದ ಸುತ್ತ ಕಣ್ಣಿಗೆ ಬೀಳುವುದು ಬಾಳೆ, ಕಬ್ಬು, ಭತ್ತದ ಗದ್ದೆ, ನಡುನಡುವೆ ಬಂಡೆಗುಡ್ಡ. ಹಂಪಿ ನೋಡಿಕೊಂಡು ಕಂಪ್ಲಿ ಕಡೆ ಹೊರಟವರಿಗೆ ಇದು ಅಪ್ಪಟ ಒಕ್ಕಲುತನದ ಸೀಮೆ ಎನ್ನಿಸುತ್ತದೆ. ಅದು ಅರ್ಧ ನಿಜ. ಇನ್ನರ್ಧ ಕಬ್ಬಿಣದ್ದು. ಸಂಡೂರಿನ ಗುಡ್ಡಗಳಲ್ಲಿ ಅದಿರು, ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ, ತುಂಗಭದ್ರಾ ಅಣೆಕಟ್ಟೆಯ ಆಚೆಗೆ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಂಪನಿಯ ಎರಕದ ಕಾರ್ಖಾನೆ. ಹೊಸಪೇಟೆಯಲ್ಲೇ ದೇಶದ ಹಲವು ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಇತ್ತು, ಈಗ ಮುಚ್ಚಿದೆ. ಇದೇ ತುಂಗಭದ್ರೆಯ ಮೇಲ್ದಂಡೆಯ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳನ್ನು ಸೇರಿದವು.

ಎರಕದ ಕಾರ್ಖಾನೆಯಿಂದ ಟ್ರ್ಯಾಕ್ಟರಿನ ಸಿಲಿಂಡರ್ ಬ್ಲಾಕ್ ಹೊರಬಂದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಮುಖ ಸಮ ಮಾಡಬೇಕು, ತೂತು ಕೊರೆಯಬೇಕು, ಬೋರ್ ತೆಗೆಯಬೇಕು. ಈ ಕೆಲಸ ಈಗ ಬಹುಪಾಲು ಸಿಎನ್‌ಸಿ ಯಂತ್ರಗಳ ಕೈಯಲ್ಲಿದೆ. ಪ್ರೋಗ್ರಾಂ ಹಾಕಿ ಬಾಗಿಲು ಮುಚ್ಚಿದರೆ ಕಂಪ್ಯೂಟರ್ ಹೇಳಿದಂತೆ ಟೂಲ್ ಓಡುತ್ತದೆ, ಕತ್ತರಿಸುತ್ತದೆ, ತನ್ನಷ್ಟಕ್ಕೆ ಬದಲಾಗುತ್ತದೆ. ಮಾಲೀಕನ ನಿದ್ದೆ ಕೆಡಿಸುವುದು ಯಂತ್ರವಲ್ಲ, ಅದರ ತುದಿಯಲ್ಲಿ ಕೂರುವ ಬೆರಳುಗುರಿನಷ್ಟು ಅಗಲದ ಕಾರ್ಬೈಡ್ ಇನ್ಸರ್ಟ್. ಟರ್ನರ್‌ಗಳು ವಿಡಿಯಾ ಎನ್ನುವ ಈ ತುಣುಕು ಸವೆದರೆ ಅಳತೆ ತಪ್ಪುತ್ತದೆ, ಮೇಲ್ಮೈ ಒರಟಾಗುತ್ತದೆ, ಜಾಬ್ ರಿಜೆಕ್ಟ್ ಆಗುತ್ತದೆ.

ಸವೆತಕ್ಕೆ ಒಂದು ಅಳತೆಯಿದೆ. ಲೇತ್ ಟೂಲ್‌ಗಳ ಪರೀಕ್ಷೆಗೆಂದು ಇರುವ ಐಎಸ್‌ಒ 3685 ಮಾನದಂಡದ ಪ್ರಕಾರ, ಅಂಚಿನ ಪಕ್ಕದ ಮುಖ ಸರಾಸರಿ 0.3 ಮಿ.ಮೀ. ಸವೆದರೆ ಆ ಅಂಚಿನ ಆಯುಷ್ಯ ಮುಗಿಯಿತು ಎಂದು ಲೆಕ್ಕ. ಭೂತಗನ್ನಡಿ ಇಲ್ಲದೆ ಸರಿಯಾಗಿ ಕಾಣದ ಈ ಸವೆತದ ಪಟ್ಟಿಯ ಹಿಂದಿರುವ ಮುಖ್ಯ ಶತ್ರು ಶಾಖ. ಟೂಲ್ ಮತ್ತು ಲೋಹ ಉಜ್ಜುವ ಜಾಗದಲ್ಲಿ ಉಷ್ಣತೆ 600ರಿಂದ 1,000 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ಆ ಶಾಖದ ಬಹುಪಾಲು ಕತ್ತರಿಸಿದ ಲೋಹದ ಚೂರುಗಳ, ಅಂದರೆ ಚಿಪ್ಸ್ ಜೊತೆಗೇ ಹೊರಟುಹೋಗುತ್ತದೆ. ಚಿಪ್ಸ್ ಜಾಗ ಖಾಲಿ ಮಾಡಿದರೆ ಮಾತ್ರ.

ಶಾಖಕ್ಕೆ ನೀರೇ ಮದ್ದು ಎಂಬುದು ನೂರು ವರ್ಷ ದಾಟಿದ ತಿಳಿವಳಿಕೆ. ಕತ್ತರಿಸುವ ಜಾಗಕ್ಕೆ ಧಾರಾಳವಾಗಿ ನೀರು ಬಿಟ್ಟರೆ ಉಕ್ಕನ್ನು ಶೇ 30–40ರಷ್ಟು ಹೆಚ್ಚು ವೇಗದಲ್ಲಿ ಕತ್ತರಿಸಬಹುದು ಎಂದು ಅಮೆರಿಕದ ಎಫ್.ಡಬ್ಲ್ಯು. ಟೇಲರ್ ಸಾರಿದ್ದು 1906ರಲ್ಲಿ. ಎಣ್ಣೆ ಬೆರೆತ ಹಾಲುಬಣ್ಣದ ಕೂಲಂಟ್ ಇಂದಿಗೂ ಬಹುತೇಕ ಸಿಎನ್‌ಸಿ ಯಂತ್ರಗಳ ಹೊಟ್ಟೆಯಲ್ಲಿರುತ್ತದೆ.

ಆದರೆ ಬೀಡುಕಬ್ಬಿಣ ಕತ್ತರಿಸುವವರ ರೂಢಿ ಬೇರೆ. ಅವರು ಸಾಮಾನ್ಯವಾಗಿ ನೀರು ಬಿಡುವುದಿಲ್ಲ. ಬೂದು ಬೀಡಿನೊಳಗೆ ಇಂಗಾಲವು ಗ್ರಾಫೈಟ್‌ನ ತೆಳು ಪದರಗಳಾಗಿ ಹರಡಿರುತ್ತದೆ. ಟೂಲ್ ತಾಗಿದರೆ ಲೋಹ ಸುರುಳಿ ಸುರುಳಿಯಾಗಿ ಬರದೆ ಪುಡಿಯಾಗಿ ಉದುರುತ್ತದೆ. ಗ್ರಾಫೈಟ್ ತಾನೇ ಅಷ್ಟಿಷ್ಟು ಜಾರಿಕೆಯನ್ನೂ ಕೊಡುತ್ತದೆ. ಆ ಪುಡಿಗೆ ಕೂಲಂಟ್ ಸೇರಿದರೆ ಕಪ್ಪು ರಾಡಿ. ಅದು ಫಿಲ್ಟರ್ ಕಟ್ಟಿಸುತ್ತದೆ, ಪಂಪ್ ಸವೆಸುತ್ತದೆ, ಸ್ಲೈಡ್‌ವೇ ಮೇಲೆ ಕೂತು ಯಂತ್ರವನ್ನೇ ತಿನ್ನುತ್ತದೆ.

ಮಿಲ್ಲಿಂಗ್‌ನಲ್ಲಿ ಇನ್ನೊಂದು ಫಜೀತಿ. ಕಟರ್ ನಿಮಿಷಕ್ಕೆ 1,000 ಸುತ್ತು ತಿರುಗುತ್ತಿದ್ದರೆ ಅದರ ಪ್ರತಿಯೊಂದು ಹಲ್ಲೂ ನಿಮಿಷಕ್ಕೆ 1,000 ಸಲ ಲೋಹಕ್ಕೆ ನುಗ್ಗಿ ಹೊರಬರುತ್ತದೆ. ಒಳಗಿದ್ದಾಗ ಕಾಯುತ್ತದೆ, ಹೊರಬಂದೊಡನೆ ತಣ್ಣೀರು ಬೀಳುತ್ತದೆ. ಈ ಕಾದು ತಣಿಯುವ ಹೊಡೆತಕ್ಕೆ ಕಾರ್ಬೈಡ್ ಅಂಚಿನಲ್ಲಿ ಸಾಲಾಗಿ, ಅಂಚಿಗೆ ಅಡ್ಡಡ್ಡ ಕೂದಲೆಳೆಯ ಬಿರುಕುಗಳೇಳುತ್ತವೆ. ಬಿರುಕು ಬಿರುಕಿಗೆ ಕೂಡಿದ ಕಡೆ ಚೂರು ಎಗರುತ್ತದೆ. ತಂಪು ಮಾಡಲು ಹೋಗಿ ಟೂಲ್ ಮುರಿದುಕೊಂಡಂತೆ!

ಗಾಳಿ ಬರುವುದು ಇಲ್ಲಿ. ಕಂಪ್ರೆಸರ್‌ನಿಂದ ಐದಾರು ಬಾರ್ ಒತ್ತಡದಲ್ಲಿ ಬರುವ ಗಾಳಿಯನ್ನು ಸಣ್ಣ ನಾಜಲ್ ಮೂಲಕ ನೇರವಾಗಿ ಕತ್ತರಿಸುವ ಅಂಚಿಗೆ ಬಿಡುವುದು. ಗಾಳಿಗೆ ಶಾಖ ಹೊರುವ ಶಕ್ತಿ ಕಡಿಮೆ. ಒಂದು ಲೀಟರ್ ನೀರು ಹೊರುವಷ್ಟು ಶಾಖ ಹೊರಲು ಸುಮಾರು 3,500 ಲೀಟರ್ ಗಾಳಿ ಬೇಕು. ಹಾಗಿದ್ದರೂ ಅದು ಟೂಲ್ ಉಳಿಸುತ್ತದೆಂದರೆ ಅದರ ಹೆಚ್ಚಿನ ಉಪಕಾರ ಗುಡಿಸುವುದರಲ್ಲಿದೆ. ಕಾದ ಪುಡಿ ಕತ್ತರಿಸಿದ ಜಾಗದಲ್ಲೇ ಉಳಿದರೆ ಮುಂದಿನ ಹಲ್ಲು ಅದನ್ನೇ ಮತ್ತೆ ಅರೆಯುತ್ತದೆ. ಆ ಮರುಕತ್ತರಿಕೆಯಲ್ಲಿ ಅಂಚು ವೃಥಾ ಸವೆಯುತ್ತದೆ. ಗಾಳಿ ಪುಡಿಯನ್ನು ಹೊರಗಟ್ಟುತ್ತದೆ, ಪುಡಿಯ ಜೊತೆ ಶಾಖವೂ ಹೋಗುತ್ತದೆ, ಕಾರ್ಬೈಡ್‌ಗೆ ತಣ್ಣೀರಿನ ಪೆಟ್ಟೂ ಬೀಳುವುದಿಲ್ಲ. ಇಂದಿನ ಟೈಟಾನಿಯಂ ಅಲ್ಯುಮಿನಿಯಂ ನೈಟ್ರೈಡ್ ಲೇಪನದ ಟೂಲ್‌ಗಳಿಗಂತೂ ಒಣ ಕೆಲಸವೇ ಇಷ್ಟ. ಕಾದಾಗ ಲೇಪನದ ಅಲ್ಯುಮಿನಿಯಂ ಗಾಳಿಯ ಆಮ್ಲಜನಕ ಹಿಡಿದು ಗಟ್ಟಿ ಆಕ್ಸೈಡ್ ಪೊರೆ ಕಟ್ಟುತ್ತದೆ. ಆ ಪೊರೆಯೇ ಟೂಲ್‌ಗೆ ಕವಚ.

ಕಮ್ಮಾರನ ಕುಲುಮೆಯಲ್ಲಿ ತಿದಿಯ ಗಾಳಿ ಬೆಂಕಿ ಏರಿಸುತ್ತದೆ, ಇಲ್ಲಿ ನಾಜಲ್‌ನ ಗಾಳಿ ಶಾಖ ಇಳಿಸುತ್ತದೆ. ಆದರೆ ತಿದಿಯ ಮೂತಿ ಎಲ್ಲಿಗೆ ತಿರುಗಿದೆ ಎನ್ನುವುದರ ಮೇಲೆ ಕೆಲಸ ನಿಂತಿರುವುದು ಎರಡೂ ಕಡೆ ಒಂದೇ. ಸಣ್ಣ ವರ್ಕ್‌ಶಾಪ್‌ಗಳಲ್ಲಿ ಎಡವುವುದೂ ಇಲ್ಲಿಯೇ. ಯಂತ್ರ ಬಂದ ದಿನ ಯಾರೋ ಒಮ್ಮೆ ತಿರುಗಿಸಿಟ್ಟ ನಾಜಲ್ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಗಾಳಿ ಸಾಲುತ್ತಿಲ್ಲ ಎನ್ನಿಸಿದರೆ ಒತ್ತಡ ಏರಿಸುತ್ತಾರೆ, ಮೂತಿ ಮುಟ್ಟುವುದಿಲ್ಲ.

ನಾಜಲ್‌ನಿಂದ ಹೊರಟ ಗಾಳಿ ತನ್ನ ಪೂರ್ತಿ ವೇಗ ಉಳಿಸಿಕೊಳ್ಳುವುದು ರಂಧ್ರದ ವ್ಯಾಸದ ಐದಾರು ಪಟ್ಟು ದೂರ ಮಾತ್ರ. 3 ಮಿ.ಮೀ. ರಂಧ್ರವಾದರೆ ಅದು 15–18 ಮಿ.ಮೀ. ಅಲ್ಲಿಂದಾಚೆ ಧಾರೆ ಅಗಲವಾಗುತ್ತದೆ, ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಸುಸ್ತಾಗುತ್ತದೆ. ಒಂದು ಗೇಣು ದೂರದಿಂದ ಬಿಟ್ಟ ಗಾಳಿಗೂ ಎರಡು ಬೆರಳು ದೂರದಿಂದ ಬಿಟ್ಟ ಗಾಳಿಗೂ ಅಜಗಜಾಂತರ. ದಿಕ್ಕೂ ಅಷ್ಟೇ ಮುಖ್ಯ. ಪುಡಿ ಕಟರ್ ಮುಂದಕ್ಕೆ, ಅದು ಇನ್ನೂ ಕತ್ತರಿಸಬೇಕಾದ ದಾರಿಗೆ ಹಾರಿದರೆ ಗಾಳಿಯೇ ಮರುಕತ್ತರಿಕೆಗೆ ಪುಡಿ ಬಡಿಸಿದಂತಾಗುತ್ತದೆ. ಕತ್ತರಿಸಿ ಮುಗಿದ ಕಡೆಗೆ ಅದು ಹಾರುವಂತೆ ಮೂತಿ ತಿರುಗಿಸಬೇಕು. ಲೇತ್‌ನಲ್ಲಾದರೆ ಟೂಲ್‌ನ ಮೇಲ್ಮುಖಕ್ಕಷ್ಟೇ ಊದದೆ ಅಂಚಿನ ಕೆಳಗೆ, ಟೂಲ್‌ಗೂ ಜಾಬ್‌ಗೂ ನಡುವಿನ ಸಂದಿಗೂ ಗುರಿಯಿಟ್ಟರೆ ಒಳ್ಳೆಯದು, 0.3 ಮಿ.ಮೀ. ಲೆಕ್ಕದ ಸವೆತ ಆಗುವುದು ಆ ಮಗ್ಗುಲಲ್ಲೇ.

ವಿಎಂಸಿಯಲ್ಲಿ, ಅಂದರೆ ವರ್ಟಿಕಲ್ ಮಷೀನಿಂಗ್ ಸೆಂಟರ್‌ನಲ್ಲಿ, ಇನ್ನೊಂದು ತೊಡಕಿದೆ. ಫೇಸ್ ಮಿಲ್ ಗಿಡ್ಡ, ಡ್ರಿಲ್ ಉದ್ದ. ಸ್ಪಿಂಡಲ್ ಪಕ್ಕದಲ್ಲಿ ಕದಲದಂತೆ ಕೂರಿಸಿದ ನಾಜಲ್ 50 ಮಿ.ಮೀ. ಟೂಲ್‌ನ ತುದಿಗೆ ಸರಿಯಾಗಿ ಊದುತ್ತಿದ್ದರೆ, 120 ಮಿ.ಮೀ. ಟೂಲ್ ಬಂದಾಗ ಅದರ ಸೊಂಟಕ್ಕೆ ಊದುತ್ತಿರುತ್ತದೆ. ಪ್ರೋಗ್ರಾಂನಲ್ಲಿ ಗಾಳಿ ‘ಆನ್’ ಎಂದೇ ಇರುತ್ತದೆ, ಶಬ್ದವೂ ಜೋರಾಗಿರುತ್ತದೆ, ತುದಿಗೆ ಮಾತ್ರ ಏನೂ ತಲುಪುವುದಿಲ್ಲ. ದುಡ್ಡಿದ್ದವರಿಗೆ ಸ್ಪಿಂಡಲ್ ಒಳಗಿನಿಂದಲೇ ಗಾಳಿ ಬರುವ ವ್ಯವಸ್ಥೆಯಿದೆ, ಟೂಲ್ ಉದ್ದಕ್ಕೆ ತಕ್ಕಂತೆ ತಾನೇ ತಿರುಗುವ ನಾಜಲ್‌ಗಳಿವೆ. ಉಳಿದವರು ಎರಡು ಮೂರು ನಾಜಲ್‌ಗಳನ್ನು ಬೇರೆ ಬೇರೆ ಎತ್ತರಕ್ಕೆ ಗುರಿಯಿಟ್ಟು ಕೂರಿಸಿದರೂ ಕೆಲಸ ನಡೆಯುತ್ತದೆ. ಕೂಲಂಟ್‌ಗೆ ಎಂ08 ಎಂಬ ಕೋಡ್ ಎಲ್ಲರಿಗೂ ಬಾಯಿಪಾಠ. ಗಾಳಿಯ ಕೋಡ್ ಯಂತ್ರ ತಯಾರಕರನ್ನು ನೋಡಿ ಬದಲಾಗುವುದರಿಂದ ಕೈಪಿಡಿ ತೆರೆಯಲೇಬೇಕು.

ಬರೀ ಗಾಳಿ ಸಾಲದು, ತಣ್ಣಗಿನ ಗಾಳಿಯೇ ಬೇಕು ಎನ್ನುವವರಿಗೆ ವೋರ್ಟೆಕ್ಸ್ ಟ್ಯೂಬ್ ಇದೆ. ಫ್ರಾನ್ಸ್‌ನ ಜಾರ್ಜ್ ರಾಂಕ್ 1930ರ ದಶಕದ ಆರಂಭದಲ್ಲಿ ಕಂಡುಕೊಂಡು, ಜರ್ಮನಿಯ ರುಡಾಲ್ಫ್ ಹಿಲ್ಶ್ 1940ರ ದಶಕದಲ್ಲಿ ಸುಧಾರಿಸಿದ ಈ ಕೊಳವೆಯೊಳಗೆ ಅಲುಗಾಡುವ ಒಂದೂ ಭಾಗವಿಲ್ಲ. ಒತ್ತಿದ ಗಾಳಿಯನ್ನು ಓರೆಯಾಗಿ ನುಗ್ಗಿಸಿ ಸುಳಿ ಎಬ್ಬಿಸಿದರೆ ಒಂದು ತುದಿಯಿಂದ ಬಿಸಿಗಾಳಿ, ಇನ್ನೊಂದು ತುದಿಯಿಂದ ಕೊರೆಯುವ ತಣ್ಣನೆ ಗಾಳಿ ಬರುತ್ತದೆ. ಒಳಗೆ ಹೋಗುವ ಗಾಳಿಗಿಂತ 40–50 ಡಿಗ್ರಿ ತಣ್ಣಗಿನ ಗಾಳಿ ಪಡೆಯುವುದು ಕಷ್ಟವಲ್ಲ. ಹೊಸಪೇಟೆಯ ಏಪ್ರಿಲ್ ಬಿಸಿಲಲ್ಲಿ ಶೆಡ್ಡಿನೊಳಗೆ ಇದು ಆಸೆ ಹುಟ್ಟಿಸುವ ಮಾತು.

ಖರ್ಚಿನ ಮಾತು ಬೇರೆ. 6 ಬಾರ್ ಒತ್ತಡದಲ್ಲಿ 3 ಮಿ.ಮೀ. ರಂಧ್ರವನ್ನು ಪೂರ್ತಿ ತೆರೆದರೆ ನಿಮಿಷಕ್ಕೆ 500 ಲೀಟರಿಗೂ ಹೆಚ್ಚು ಗಾಳಿ ಹೋಗುತ್ತದೆ. 5 ಎಚ್‌ಪಿಯ ಒಂದು ಕಂಪ್ರೆಸರ್ ಪೂರ್ತಿ ಅದಕ್ಕೇ ದುಡಿಯಬೇಕು. ಎಂಟು ಗಂಟೆಯ ಪಾಳಿಗೆ ಸುಮಾರು 30 ಯೂನಿಟ್ ವಿದ್ಯುತ್. ಗಾಳಿ ಬಿಟ್ಟಿ ಎಂದುಕೊಂಡವರು ಕರೆಂಟ್ ಬಿಲ್ ನೋಡಿ ಬೆಚ್ಚುತ್ತಾರೆ. ಸಣ್ಣ ರಂಧ್ರ, ಹತ್ತಿರದ ಗುರಿ, ಕತ್ತರಿಸುವಾಗ ಮಾತ್ರ ತೆರೆಯುವ ಸೊಲೆನಾಯ್ಡ್ ವಾಲ್ವ್: ಉಳಿತಾಯ ಇರುವುದು ಈ ಮೂರರಲ್ಲೇ. ವೋರ್ಟೆಕ್ಸ್ ಟ್ಯೂಬ್ ಕೊಳ್ಳುವುದು ಆಮೇಲಿನ ಮಾತಾಗಲಿ.

ಎಲ್ಲದಕ್ಕೂ ಗಾಳಿ ಒಗ್ಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಅಲ್ಯುಮಿನಿಯಂ ಮೆದು, ಟೂಲ್ ತುದಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ತಂಪಿಗಿಂತ ಜಾರಿಕೆ ಬೇಕು. ಅಲ್ಲಿ ಗಾಳಿಯ ಜೊತೆ ಗಂಟೆಗೆ ಹತ್ತಾರು ಮಿಲಿಲೀಟರ್ ಎಣ್ಣೆಯನ್ನಷ್ಟೇ ಮಂಜಾಗಿ ಬೆರೆಸುವ ಪದ್ಧತಿ ಚೆನ್ನಾಗಿ ನಡೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಟೈಟಾನಿಯಂ, ಆಳವಾದ ಡ್ರಿಲ್ಲಿಂಗ್ ಮುಂತಾದ ಕಡೆ ಬರೀ ಗಾಳಿ ನೆಚ್ಚಿ ಕೂಲಂಟ್ ನಿಲ್ಲಿಸುವುದು ದುಬಾರಿ ಹುಂಬತನ.

ಬೀಡುಕಬ್ಬಿಣ ಬಿಟ್ಟರೆ ಗಾಳಿ ತನ್ನ ನೆಲೆ ಕಂಡುಕೊಂಡಿರುವುದು ಅಚ್ಚು ಮತ್ತು ಡೈ ಕೆಲಸದಲ್ಲಿ. ಹದಗೊಳಿಸಿದ, 50 ರಾಕ್‌ವೆಲ್‌ ದಾಟಿದ ಗಡಸು ಉಕ್ಕನ್ನು ಸಣ್ಣ ಬಾಲ್‌ನೋಸ್ ಕಟರ್‌ನಿಂದ ಗಂಟೆಗಟ್ಟಲೆ ಕೆತ್ತುವಾಗ ಕೂಲಂಟ್ ಬಂದ್ ಮಾಡಿ ಗಾಳಿ ಬಿಡುವುದು ಜಗತ್ತಿನೆಲ್ಲೆಡೆ ರೂಢಿ. ಈ ವಿದ್ಯೆ ಕಲಿಯಲು ಈ ಸೀಮೆಯ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಹೊಸಪೇಟೆಯಲ್ಲೂ ಇದೆ. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ: ಮೂರು ವರ್ಷ ಕಲಿಕೆ, ಮೇಲೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಎಂಜಿನಿಯರಿಂಗ್ ಸೀಟಿನ ಗದ್ದಲದಲ್ಲಿ ಈ ದಾರಿ ಹಲವು ಮನೆಗಳಿಗೆ ಕಾಣುವುದೇ ಇಲ್ಲ.

ಗಾಳಿಯಿಂದ ಎರಡು ಅಪಾಯಗಳಿವೆ. ಒಂದು ಧೂಳು. ಬೀಡಿನ ಪುಡಿ ಗಾಳಿಗೆ ಎದ್ದರೆ ಆಪರೇಟರ್‌ನ ಶ್ವಾಸಕ್ಕೂ ಯಂತ್ರದ ಸ್ಲೈಡ್‌ವೇಗೂ ಹೋಗುತ್ತದೆ. ಊದುವ ನಾಜಲ್ ಇರುವ ಕಡೆ ಹೀರುವ ಡಸ್ಟ್ ಕಲೆಕ್ಟರ್ ಇರಲೇಬೇಕು, ಬಾಗಿಲು ಮುಚ್ಚಿರಬೇಕು. ಅದೇ ಗಾಳಿಯಿಂದ ಅಂಗಿ ಮೇಲಿನ ಧೂಳು ಕೊಡವಿಕೊಳ್ಳುವ ಚಾಳಿಯಂತೂ ಕಣ್ಣಿಗೇ ಕುತ್ತು. ಇನ್ನೊಂದು ತೇವ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ, ಮಳೆಗಾಲದಲ್ಲಂತೂ ಧಾರಾಳ. ಅದು ನಾಜಲ್‌ನಿಂದ ಹನಿಹನಿಯಾಗಿ ಸಿಡಿದರೆ ಆಗತಾನೆ ಕತ್ತರಿಸಿದ ಹೊಳೆಯುವ ಮುಖದ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತದೆ, ಕಾದ ಕಾರ್ಬೈಡ್‌ಗೆ ಮತ್ತೆ ನೀರಿನ ಪೆಟ್ಟು ತಪ್ಪಿದ್ದಲ್ಲ. ಅದಿರಿನ ಕೆಂಧೂಳು ಹಾರುವ ಕಡೆ ಕಂಪ್ರೆಸರ್‌ನ ಇನ್‌ಟೇಕ್ ಫಿಲ್ಟರನ್ನೂ ಮರೆಯುವಂತಿಲ್ಲ.

ಹೊಸಪೇಟೆ, ಕಂಪ್ಲಿ, ಗಂಗಾವತಿಯಲ್ಲಿ ಒಂದೆರಡು ಯಂತ್ರ ಇಟ್ಟುಕೊಂಡು ಬೀಡಿನ ಕೆಲಸ ಮಾಡುವವರು ಹೊಸದೇನನ್ನೂ ಕೊಳ್ಳುವ ಮೊದಲು ಒಂದು ವಾರ ಹೀಗೆ ಮಾಡಿ ನೋಡಬಹುದು. ಇನ್ಸರ್ಟ್‌ನ ಒಂದು ಅಂಚಿಗೆ ಈಗ ಎಷ್ಟು ಜಾಬ್ ಬರುತ್ತಿವೆ ಎಂದು ಬರೆದಿಡಿ. ಟ್ಯಾಂಕಿನ ನೀರು ಹೊರಬಿಡಿ. ಯಂತ್ರ ನಿಂತಿರುವಾಗ ನಾಜಲನ್ನು ಟೂಲ್ ತುದಿಗೆ ಎರಡು ಬೆರಳಿನಷ್ಟು ಹತ್ತಿರ ತಂದು, ಟೂಲ್ ಬದಲಾಗುವಾಗಲೂ ಓಡುವಾಗಲೂ ಎಲ್ಲಿಗೂ ತಾಗದಂತೆ ನೋಡಿಕೊಂಡು, ಪುಡಿ ಕತ್ತರಿಸಿ ಮುಗಿದ ಕಡೆಗೆ ಹಾರುವಂತೆ ತಿರುಗಿಸಿ ಬಿಗಿ ಮಾಡಿ. ಸ್ಪೀಡ್, ಫೀಡ್ ಹಾಗೆಯೇ ಇರಲಿ. ವಾರದ ಕೊನೆಗೆ ಮತ್ತೆ ಎಣಿಸಿ. ಲೆಕ್ಕದಲ್ಲಿ ಫರಕು ಕಂಡರೆ ಮುಂದಿನ ಖರ್ಚಿನ ಯೋಚನೆ ಮಾಡಿ. ಕಾಣದಿದ್ದರೆ ಇನ್ಸರ್ಟ್‌ನ ಗ್ರೇಡ್ ಬಗ್ಗೆ ಡೀಲರ್ ಜೊತೆ ಮಾತಾಡಿ.