ಮರಳು ಕೇಸಿನಲ್ಲಿ ಸಿಕ್ಕ ಟ್ರ್ಯಾಕ್ಟರ್ ಬಿಡಿಸಿಕೊಳ್ಳುವ ಬಗೆ



ಹುಲ್ಲು, ಹಿಂಡಿ, ಗೊಬ್ಬರ ಸಾಗಿಸಲೆಂದು ಸಾಲ ಮಾಡಿ ಕೊಂಡ ಟ್ರ್ಯಾಕ್ಟರನ್ನು ಬಿಡುವಿನ ದಿನಗಳಲ್ಲಿ ಬಾಡಿಗೆಗೆ ಕೊಡುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಬಾಡಿಗೆಗೆ ಪಡೆದವರು ರಾತ್ರಿ ಅದನ್ನು ಹೊಳೆಗಿಳಿಸಿ, ಪರವಾನಗಿ ಇಲ್ಲದೆ ಮರಳು ತುಂಬಿ ಸಿಕ್ಕಿಬಿದ್ದರೆ ವಾಹನ ಠಾಣೆ ಸೇರುತ್ತದೆ. ಮಾಲೀಕರು ಮನೆಯಲ್ಲಿ ಮಲಗಿದ್ದರೆಂಬ ಮಾತ್ರಕ್ಕೆ ಜಪ್ತಿ ತಪ್ಪುವುದಿಲ್ಲ. 1957ರ ಗಣಿ ಮತ್ತು ಖನಿಜಗಳ ಕಾಯ್ದೆಯ 21(4)ನೇ ಕಲಮಿನಂತೆ ಅಕ್ರಮ ಖನಿಜದ ಜೊತೆಗೆ ಅದನ್ನು ಹೊತ್ತ ವಾಹನವನ್ನೂ ಜಪ್ತಿ ಮಾಡಬಹುದು. ಇದಲ್ಲದೆ ಮರಳು ಕಳವಿನ ಮೊಕದ್ದಮೆಯನ್ನು ಬೇರೆಯಾಗಿಯೇ ನಡೆಸಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ಠಾಣೆಯ ಅಂಗಳದಲ್ಲಿ ಬಿಸಿಲು ಮಳೆಗೆ ನಿಂತರೆ ಟೈರು ಬಿರಿಯುತ್ತದೆ, ಬ್ಯಾಟರಿ ಕೆಡುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ವಾಹನಗಳನ್ನು ಹೀಗೆ ದೀರ್ಘಕಾಲ ಠಾಣೆಯಲ್ಲಿ ಕೊಳೆಹಾಕುವುದರಿಂದ ಯಾರಿಗೂ ಪ್ರಯೋಜನವಿಲ್ಲವೆಂದು ಸುಂದರಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತು. ತಕ್ಕ ಮುಚ್ಚಳಿಕೆ, ಭದ್ರತೆ ಪಡೆದು ಒಪ್ಪಿಸಬೇಕೆಂಬುದು ಅದರ ಸೂಚನೆ. ಇಂಥ ಅರ್ಜಿಗಳನ್ನು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 451 ಮತ್ತು 457ನೇ ಕಲಮುಗಳಡಿ ಸಲ್ಲಿಸುತ್ತಿದ್ದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವುಗಳ ಜಾಗದಲ್ಲಿ 497 ಮತ್ತು 503 ಇವೆ. ಗಣಿ ಕಾಯ್ದೆಯ ಪ್ರಕರಣವಾದರೆ ಅರ್ಜಿ ವಿಶೇಷ ನ್ಯಾಯಾಲಯಕ್ಕೆ ಹೋಗಬೇಕಾಗಬಹುದು, ವಕೀಲರನ್ನು ಕೇಳಿಕೊಳ್ಳಿ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಗಾಡಿ ಮನೆಗೆ ಬಂತು, ಕೇಸು ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ನ್ಯಾಯಾಲಯ ಕೊಡುವುದು ಮಧ್ಯಂತರ ವಶ ಮಾತ್ರ. ವಾಹನ ನಿಮ್ಮ ಕೊಟ್ಟಿಗೆಯ ಪಕ್ಕ ನಿಂತಿದ್ದರೂ ಲೆಕ್ಕಕ್ಕೆ ನ್ಯಾಯಾಲಯದ್ದೇ. ಮಾರಬಾರದು, ಬಣ್ಣ ರೂಪ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು ಎಂಬ ಷರತ್ತುಗಳು ಸಾಮಾನ್ಯವಾಗಿ ಇರುತ್ತವೆ. ಮತ್ತೆ ಮರಳಿಗೆ ಬಳಸಿದರಂತೂ ಜಾಮೀನು ನಿಂತ ನೆಂಟರಿಗೂ ಸಂಕಟ. ಕೊನೆಗೆ 21(4ಎ) ಕಲಮಿನಡಿ ಮುಟ್ಟುಗೋಲಿಗೆ ಆದೇಶವಾದರೆ ವಾಹನ ಹಿಂದೆ ಕೊಡಲೇಬೇಕು.

ಅರ್ಜಿ ಹಾಕುವವರು ನೋಂದಾಯಿತ ಮಾಲೀಕರಾಗಿರಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ನಮ್ಮವರು ಎಡವುವುದು ಇಲ್ಲಿಯೇ. ಹಳೆಯ ಟ್ರ್ಯಾಕ್ಟರ್ ಕೊಂಡು ವರ್ಷಗಳಾದರೂ ಆರ್‌ಸಿ ಪುಸ್ತಕ ಮಾರಿದವರ ಹೆಸರಿನಲ್ಲೇ ಇರುತ್ತದೆ, ಇಲ್ಲವೇ ತೀರಿಹೋದ ತಂದೆಯ ಹೆಸರಿನಲ್ಲಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಕೊಂಡವರು 30 ದಿನಗಳೊಳಗೆ ಹೆಸರು ವರ್ಗಾವಣೆಗೆ ತಿಳಿಸಬೇಕು. ಟ್ರೈಲರಿನ ನೋಂದಣಿ ಬೇರೆಯೇ ಇರುತ್ತದೆ. ಅದನ್ನೂ ಈಗಲೇ ತೆಗೆದು ನೋಡಿ.