ಟಂಕಸಾಲೆಯ ನಾಣ್ಯ ಯಾರ ಪಾಲು?

2023ರ ಆಗಸ್ಟ್ 28ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಎನ್.ಟಿ. ರಾಮರಾವ್ (ಎನ್‌ಟಿಆರ್) ಅವರ ಜನ್ಮಶತಮಾನೋತ್ಸವದ 100 ರೂಪಾಯಿ ನಾಣ್ಯವನ್ನು ಬಿಡುಗಡೆ ಮಾಡಿದರು. ಅಚ್ಚಾದದ್ದು ನಮ್ಮ ಹೈದರಾಬಾದಿನಲ್ಲೇ. ಮಾರಾಟ ಶುರುವಾದದ್ದೇ ತಡ, ಸೈಫಾಬಾದ್ ಮತ್ತು ಚೆರ್ಲಪಲ್ಲಿಯ ಟಂಕಸಾಲೆ ಕೌಂಟರುಗಳ ಮುಂದೆ ಜನ ಸಾಲುಗಟ್ಟಿದರು. ಮೊದಲ ಕಂತಿನ ಸುಮಾರು 12 ಸಾವಿರ ನಾಣ್ಯಗಳು ಬೇಗನೆ ಖಾಲಿಯಾದವು. ಆಗ ಜಹೀರಾಬಾದ್, ರಾಯಿಕೋಡ್, ನಾರಾಯಣಖೇಡ್ ಕಡೆ ಹರಿದಾಡಿದ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆ ತಪ್ಪುಗಳನ್ನೇ ಬಂಡವಾಳ ಮಾಡಿಕೊಂಡು ಜನರ ದುಡ್ಡು ಹೊಡೆಯುವವರಿದ್ದಾರೆ. ಅದಕ್ಕೇ ಒಂದೊಂದನ್ನೂ ಬಿಡಿಸಿ ನೋಡಬೇಕಾಗಿದೆ.

"ಇವೆಲ್ಲ ಪರಿಚಯ ಇದ್ದವರಿಗಷ್ಟೇ ಸಿಗೋದು"

ನಮ್ಮ ಕಡೆ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಇದು. ಟಂಕಸಾಲೆಯ ಒಳಗೆ ಗುರುತಿರಬೇಕು, ಇಲ್ಲವೆ ರಿಸರ್ವ್ ಬ್ಯಾಂಕಿನವರು ಗೊತ್ತಿರಬೇಕು, ಅದೂ ಇಲ್ಲದಿದ್ದರೆ ಕಮಿಷನ್ ಕೊಟ್ಟು ದಲ್ಲಾಳಿಯನ್ನು ಹಿಡಿಯಬೇಕು ಎಂದು ಜನ ತಿಳಿದಿದ್ದಾರೆ. ನಿಜವಾಗಿ ನಡೆಯುವುದೇ ಬೇರೆ.

ಭಾರತದಲ್ಲಿ ನಾಣ್ಯ ಅಚ್ಚು ಹಾಕುವ ಸರ್ಕಾರಿ ಟಂಕಸಾಲೆಗಳು ನಾಲ್ಕು: ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ನಾಲ್ಕನ್ನೂ ನಡೆಸುವುದು 2006ರಲ್ಲಿ ಹುಟ್ಟಿದ ಸೆಕ್ಯುರಿಟಿ ಪ್ರಿಂಟಿಂಗ್ ಅಂಡ್ ಮಿಂಟಿಂಗ್ ಕಾರ್ಪೊರೇಷನ್ ಎಂಬ ಕೇಂದ್ರ ಸರ್ಕಾರಿ ಕಂಪನಿ. ಯಾರ ನೆನಪಿಗೆ ನಾಣ್ಯ ತರಬೇಕು ಎಂಬುದನ್ನು ತೀರ್ಮಾನಿಸುವುದು ಕೇಂದ್ರ ಸರ್ಕಾರ. ತೀರ್ಮಾನವಾದ ಮೇಲೆ ಹಣಕಾಸು ಸಚಿವಾಲಯ ರಾಜಪತ್ರದಲ್ಲಿ ಅಧಿಸೂಚನೆ ಹೊರಡಿಸುತ್ತದೆ. ನಾಣ್ಯದ ಅಗಲ, ತೂಕ, ಲೋಹದ ಪ್ರಮಾಣ, ಅಂಚಿನಲ್ಲಿರಬೇಕಾದ ಗೀರುಗಳ ಸಂಖ್ಯೆ, ಎರಡು ಮುಖಗಳ ಚಿತ್ರ ಎಲ್ಲವೂ ಅದರಲ್ಲಿರುತ್ತವೆ. ಅದನ್ನು ಯಾರು ಬೇಕಾದರೂ ಓದಬಹುದು.

ಆಮೇಲೆ ಟಂಕಸಾಲೆ ಬುಕಿಂಗ್ ತೆರೆಯುತ್ತದೆ. ಹಿಂದೆ ಅರ್ಜಿ ತುಂಬಿ, ಡಿ.ಡಿ. ತೆಗೆಸಿ, ಮುಂಬೈಗೋ ಕೋಲ್ಕತ್ತಕ್ಕೋ ಅಂಚೆಯಲ್ಲಿ ಕಳಿಸಬೇಕಿತ್ತು. ಕಳಿಸಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ಮೇಲೂ ಕಾಯಬೇಕಿತ್ತು. ಈಗ ಟಂಕಸಾಲೆಯ ಸ್ವಂತ ಆನ್‌ಲೈನ್ ಮಳಿಗೆ ಇದೆ. ಹೆಸರು, ವಿಳಾಸ, ಮೊಬೈಲ್ ನಂಬರ್ ಕೊಟ್ಟು ಖಾತೆ ತೆರೆದು ಹಣ ಕಟ್ಟಿದರೆ ನಾಣ್ಯ ಮನೆಗೇ ಬರುತ್ತದೆ. ಹೈದರಾಬಾದಿಗೆ ಹೋಗುವ ಕೆಲಸವಿದ್ದವರು ಕೌಂಟರಿನಲ್ಲೇ ಕೊಳ್ಳಬಹುದು. ಮೊದಲು ಹಣ ಕಟ್ಟಿದವರದು ಮೊದಲ ಪಾಲು, ಸರಕು ಮುಗಿದಾಗ ಮಾರಾಟ ನಿಲ್ಲುತ್ತದೆ. ಕಂಪ್ಯೂಟರಿಗೆ ಬಂಜಾರಾ ಹಿಲ್ಸಿನ ವಿಳಾಸವೂ ಒಂದೇ, ರಾಯಿಕೋಡಿನ ವಿಳಾಸವೂ ಒಂದೇ.

ಹಾಗಾದರೆ ನಮ್ಮವರಿಗೆ ಯಾಕೆ ತಪ್ಪಿಹೋಗುತ್ತದೆ? ಸುದ್ದಿ ತಡವಾಗಿ ತಲುಪುತ್ತದೆ, ಅಷ್ಟೆ. ಪತ್ರಿಕೆಯಲ್ಲಿ ಬಿಡುಗಡೆಯ ಫೋಟೋ ಬರುತ್ತದೆ, ಬುಕಿಂಗ್ ಯಾವಾಗ, ಎಲ್ಲಿ ಎಂಬ ಸಾಲು ಬರುವುದಿಲ್ಲ. ನಗರದ ವ್ಯಾಪಾರಿಗಳು ಆ ಸುದ್ದಿಯನ್ನೇ ಕಾದು ಕೂತಿರುತ್ತಾರೆ. ಅವರು ಕೊಂಡದ್ದೂ ಅದೇ ಕೌಂಟರಿನಿಂದಲೇ. ನಮಗೆ ಅವರು ಮಾರುವಾಗ ಮೇಲೆ ಹಾಕುವ ದುಡ್ಡು ನಮ್ಮ ತಡಕ್ಕೆ ನಾವು ಕಟ್ಟುವ ದಂಡ.

ಹಂಚಿಕೆಯಲ್ಲಿ ನ್ಯಾಯ ತರುವುದು ಹೇಗೆ ಎಂಬ ಪ್ರಶ್ನೆ ಬೇರೆ ದೇಶಗಳಿಗೂ ಇದೆ. 2019ರ ನವೆಂಬರಿನಲ್ಲಿ ಅಮೆರಿಕದ ಟಂಕಸಾಲೆ ಕೇವಲ 30 ಸಾವಿರ ಬೆಳ್ಳಿ ನಾಣ್ಯಗಳನ್ನು ಮಾರಾಟಕ್ಕಿಟ್ಟು, ಮನೆಗೆ ಒಂದೇ ಎಂಬ ಮಿತಿ ಹಾಕಿತು. ಬೆಲೆ 65.95 ಡಾಲರ್. ಒಂದು ಗಂಟೆ ಕಳೆಯುವುದರೊಳಗೆ ಎಲ್ಲ ಮುಗಿದು, ಅಂದೇ ಹೊರಗಿನ ಮಾರುಕಟ್ಟೆಯಲ್ಲಿ ಹತ್ತಾರು ಪಟ್ಟು ಬೆಲೆ ಕೇಳಿಬಂತು. ಇನ್ನು ಕೆಲವು ಟಂಕಸಾಲೆಗಳು ಹೆಸರು ಬರೆಸಿಕೊಂಡು ಚೀಟಿ ಎತ್ತುತ್ತವೆ. ನನಗೆ ಚೀಟಿಯ ಕ್ರಮವೇ ಮೇಲು ಅನಿಸುತ್ತದೆ. ಇಂಟರ್‌ನೆಟ್ ನಿಧಾನವಿರುವ ಊರಿನವರಿಗೆ ಓಟದ ಪಂದ್ಯದಲ್ಲಿ ಗೆಲುವಿಲ್ಲ, ಚೀಟಿಯಲ್ಲಾದರೆ ಎಲ್ಲರಿಗೂ ಸಮಪಾಲು.

"100 ರೂಪಾಯಿ ನಾಣ್ಯ ಅಂದಮೇಲೆ ಬ್ಯಾಂಕಿನಲ್ಲಿ 100 ರೂಪಾಯಿಗೇ ಸಿಗಬೇಕು"

ಬ್ಯಾಂಕಿನವರು ಬಚ್ಚಿಟ್ಟುಕೊಂಡಿದ್ದಾರೆ ಎಂದು ಮ್ಯಾನೇಜರನ್ನು ಬೈಯುವವರಿದ್ದಾರೆ. ಪಾಪ, ಅವರ ಹತ್ತಿರ ಈ ನಾಣ್ಯ ಬರುವುದೇ ಇಲ್ಲ. ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ಮೂಲಕ ಹಂಚುವುದು ಚಲಾವಣೆಯ 1, 2, 5, 10, 20 ರೂಪಾಯಿಗಳನ್ನು. 75, 100, 1000 ರೂಪಾಯಿಯಂಥವು ಸಂಗ್ರಾಹಕರಿಗಾಗಿ ಟಂಕಸಾಲೆ ನೇರವಾಗಿ ಮಾರುವ ನಾಣ್ಯಗಳು. 2011ರ ನಾಣ್ಯ ಕಾಯ್ದೆ 1000 ರೂಪಾಯಿವರೆಗಿನ ಮುಖಬೆಲೆಗೆ ಅವಕಾಶ ಕೊಟ್ಟಿದೆ, ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷದ ನೆನಪಿಗೆ ಅಂಥದೊಂದು ಬಂದಿದೆ. ಆ ಅಂಕಿ ನಾಣ್ಯದ ಮಾರಾಟದ ಬೆಲೆಯಲ್ಲ.

ಎನ್‌ಟಿಆರ್ ನಾಣ್ಯವನ್ನೇ ನೋಡಿ. ಅಗಲ 44 ಮಿಲಿಮೀಟರ್, ತೂಕ 35 ಗ್ರಾಂ. ಅದರಲ್ಲಿ 50 ಭಾಗ ಬೆಳ್ಳಿ, 40 ಭಾಗ ತಾಮ್ರ, ನಿಕ್ಕಲ್ ಮತ್ತು ಸತು ತಲಾ 5 ಭಾಗ. ಅಂದರೆ ಬೆಳ್ಳಿ ಇರುವುದು 17.5 ಗ್ರಾಂ ಮಾತ್ರ. ಆಗ ಬೆಳ್ಳಿ ಕಿಲೋಗೆ 75 ಸಾವಿರದ ಆಸುಪಾಸಿನಲ್ಲಿತ್ತು. ಲೆಕ್ಕ ಹಾಕಿದರೆ ಬೆಳ್ಳಿಯ ಬೆಲೆ 1,300 ರೂಪಾಯಿ ಚಿಲ್ಲರೆ. ಟಂಕಸಾಲೆ ಮಾರಿದ್ದು ಪ್ಯಾಕಿಂಗಿಗೆ ತಕ್ಕಂತೆ 4,050 ರೂಪಾಯಿಯಿಂದ 4,850 ರೂಪಾಯಿವರೆಗೆ. ಇದರಲ್ಲಿ ಮೋಸವೇನಿಲ್ಲ. ಅಚ್ಚಿನ ಕೆಲಸಕ್ಕೆ, ಪೆಟ್ಟಿಗೆಗೆ, ನೆನಪಿಗೆ ಕೊಡುವ ಬೆಲೆ ಅದು. ಆದರೆ ಬೆಳ್ಳಿಯ ಹೂಡಿಕೆ ಎಂದುಕೊಂಡು ಕೊಂಡವರು ನಾಳೆ ಸರಾಫನ ತಕ್ಕಡಿಯ ಮುಂದೆ ನಿಂತಾಗ ಕಂಗೆಡುತ್ತಾರೆ. ನಾಣ್ಯ ಕರಗಿಸುವುದಂತೂ ಅದೇ 2011ರ ಕಾಯ್ದೆಯ ಪ್ರಕಾರ ಶಿಕ್ಷೆಯಾಗುವ ಅಪರಾಧ.

ಪ್ಯಾಕಿಂಗಿನ ಜೊತೆಗೆ ಅಚ್ಚಿನಲ್ಲೂ ಎರಡು ಬಗೆ. ಪ್ರೂಫ್ ಎಂದರೆ ಹೊಳಪು ಕೊಟ್ಟ ಬಿಲ್ಲೆಯ ಮೇಲೆ ಹೊಳಪು ಕೊಟ್ಟ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಿದ್ದು: ಹಿನ್ನೆಲೆ ಕನ್ನಡಿಯಂತೆ, ಚಿತ್ರ ಮಂಜು ಕವಿದಂತೆ ಕಾಣುತ್ತದೆ. ಯುಎನ್‌ಸಿ ಎಂದರೆ ಮಾಮೂಲಿನಂತೆ ಒತ್ತಿ, ಯಾರ ಕೈಗೂ ಹೋಗದೆ ಪ್ಯಾಕಾದದ್ದು. ಯುಎನ್‌ಸಿಯನ್ನು ತೋರಿಸಿ ಪ್ರೂಫಿನ ಬೆಲೆ ಕೇಳುವವರಿದ್ದಾರೆ, ಹಿನ್ನೆಲೆಯಲ್ಲಿ ನಿಮ್ಮ ಮುಖ ಕಾಣುತ್ತದೆಯೇ ನೋಡಿ.

"ಲಿಮಿಟೆಡ್ ಅಂದರೆ ಬೆಲೆ ಏರೇ ಏರುತ್ತದೆ"

ಲಿಮಿಟೆಡ್ ಎಂಬ ಮಾತು ನಮ್ಮಲ್ಲಿ ಹೆಚ್ಚಾಗಿ ಮಾರುವವರ ಬಾಯಲ್ಲಿರುತ್ತದೆ. ಎಷ್ಟು ನಾಣ್ಯ ಅಚ್ಚಾಗುತ್ತವೆ ಎಂಬುದು ಬಹುಮಟ್ಟಿಗೆ ಎಷ್ಟು ಬೇಡಿಕೆ ಬಂತು ಎಂಬುದರ ಮೇಲೆ ನಿಂತಿದೆ. ಎನ್‌ಟಿಆರ್ ನಾಣ್ಯದ ಮೊದಲ ಕಂತು ಖಾಲಿಯಾದ ಮೇಲೆ ಮತ್ತೆ ಅಚ್ಚು ಹಾಕಿದರು. ಇನ್ನು ಸಿಗುವುದೇ ಇಲ್ಲ ಎಂದು ಅವಸರದಲ್ಲಿ ಹೆಚ್ಚು ತೆತ್ತವರು ಕೈ ಕೈ ಹಿಸುಕಿಕೊಂಡರು.

ಅಚ್ಚಾದದ್ದು ಎಷ್ಟು ಎಂಬುದಕ್ಕಿಂತ ಉಳಿದದ್ದು ಎಷ್ಟು, ಬೇಕೆನ್ನುವವರು ಎಷ್ಟು ಎಂಬುದೇ ಬೆಲೆ ಕಟ್ಟುತ್ತದೆ. 1911ರಲ್ಲಿ ಐದನೇ ಜಾರ್ಜ್ ದೊರೆಯ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲಿದ್ದ ಆನೆ ಹಂದಿಯಂತೆ ಕಾಣುತ್ತದೆ ಎಂದು ಗದ್ದಲವೆದ್ದಿತು. ಸುಮಾರು 94 ಲಕ್ಷ ಅಚ್ಚಾಗಿದ್ದರೂ 7 ಲಕ್ಷ ಮಾತ್ರ ಹೊರಬಿದ್ದಿದ್ದವು. ಉಳಿದವನ್ನು ಸರ್ಕಾರ ಕರಗಿಸಿತು, ಮುಂದಿನ ವರ್ಷ ಆನೆಯನ್ನು ತಿದ್ದಿತು. ಆ ರೂಪಾಯಿಗೆ ಇವತ್ತು ಬೆಲೆ ಇರುವುದು ಹೀಗೆ. ಪ್ಲಾಸ್ಟಿಕ್ ಮುಚ್ಚಳದೊಳಗೆ ಎಲ್ಲರೂ ಜೋಪಾನವಾಗಿಟ್ಟ ನಾಣ್ಯ ಎಂದೂ ವಿರಳವಾಗುವುದಿಲ್ಲ.

"ನಕ್ಷತ್ರ ಇದ್ದರೆ ಅಪರೂಪದ್ದು"

ಇಸವಿಯ ಕೆಳಗೆ ಪುಟ್ಟ ನಕ್ಷತ್ರ ಕಂಡರೆ ಕೆಲವರು ಅದನ್ನು ಡಬ್ಬಿಯಲ್ಲಿ ಎತ್ತಿಡುತ್ತಾರೆ. ಆ ನಕ್ಷತ್ರ ಹೈದರಾಬಾದ್ ಟಂಕಸಾಲೆಯ ಗುರುತು. ಮುಂಬೈಗೆ ವಜ್ರಾಕಾರ, ನೋಯ್ಡಾಕ್ಕೆ ದುಂಡು ಚುಕ್ಕೆ, ಕೋಲ್ಕತ್ತಕ್ಕೆ ಗುರುತೇ ಇಲ್ಲ. ತಾಂಡೂರಿನ ಬಸ್ಸಿನಲ್ಲಿ ಸಿಗುವ ಚಿಲ್ಲರೆಯಲ್ಲಿ ನಕ್ಷತ್ರವಿದ್ದರೆ ಅದು ಹತ್ತಿರದಲ್ಲೇ ಹುಟ್ಟಿದ ನಾಣ್ಯ, ಅಷ್ಟೆ. ಆದರೆ ಆ ಟಂಕಸಾಲೆಯ ಮೇಲೆ ಅಭಿಮಾನ ಪಡಲು ಕಾರಣವಿದೆ. 1803ರಲ್ಲಿ ನಿಜಾಮ ಸಿಕಂದರ್ ಜಾಹನ ಕಾಲಕ್ಕೆ ಸುಲ್ತಾನ್ ಶಾಹಿಯಲ್ಲಿ ಶುರುವಾಗಿ, 1903ರಲ್ಲಿ ಸೈಫಾಬಾದಿಗೆ, 1997ರಲ್ಲಿ ಚೆರ್ಲಪಲ್ಲಿಗೆ ಬಂದದ್ದು ಅದು. ಸೈಫಾಬಾದಿನ ಹಳೆಯ ಕಟ್ಟಡದಲ್ಲಿ 2022ರಿಂದ ವಸ್ತುಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ.

"ಬಸವಣ್ಣನ ನಾಣ್ಯಕ್ಕೆ ಲಕ್ಷ ಕೊಡುತ್ತಾರಂತೆ"

2006ರಲ್ಲಿ ಮಹಾತ್ಮ ಬಸವೇಶ್ವರರ ನೆನಪಿಗೆ 5 ರೂಪಾಯಿ ನಾಣ್ಯ ಬಂತು, ಸಂಗ್ರಾಹಕರಿಗಾಗಿ 100 ರೂಪಾಯಿಯದೂ ಬಂತು. ಬಸವಕಲ್ಯಾಣ ಕೂಗಳತೆಯಲ್ಲಿರುವ ನಮ್ಮ ಸೀಮೆಯಲ್ಲಿ ಆ 5 ರೂಪಾಯಿಯನ್ನು ಖರ್ಚು ಮಾಡದೆ ದೇವರ ಜಗಲಿಯ ಮೇಲೆ ಇಟ್ಟ ಮನೆಗಳು ಎಷ್ಟೋ. ಅದು ಭಕ್ತಿಯ ಮಾತು, ಅದಕ್ಕೆ ಬೆಲೆ ಕಟ್ಟಬಾರದು. ಕಟ್ಟಲೇಬೇಕೆಂದರೆ, ಚಲಾವಣೆಯಲ್ಲಿ ಸವೆದ ಆ ನಾಣ್ಯಕ್ಕೆ ವ್ಯಾಪಾರಿ ಕೊಡುವುದು ಮುಖಬೆಲೆಗಿಂತ ತುಸು ಹೆಚ್ಚು. ವೈಷ್ಣೋದೇವಿಯ 5 ಮತ್ತು 10 ರೂಪಾಯಿಯ ಕಥೆಯೂ ಇದೇ. ಅವಕ್ಕೆ 10 ಲಕ್ಷ ಸಿಗುತ್ತದೆ ಎಂಬ ವಿಡಿಯೋ ನೋಡದವರು ಕಡಿಮೆ.

ಆ 10 ಲಕ್ಷ ಎಲ್ಲಿಂದ ಬಂತು? ಯಾರೋ ಒಬ್ಬರು ಆನ್‌ಲೈನ್ ಜಾಹೀರಾತಿನಲ್ಲಿ ಅಷ್ಟು ಬೇಕೆಂದು ಬರೆದರು. ಕೇಳಿದ ಬೆಲೆ ಬೇರೆ, ಕೈಗೆ ಬಂದ ಬೆಲೆ ಬೇರೆ. ವಿಡಿಯೋ ಮಾಡಿದವರು ಮೊದಲನೆಯದನ್ನು ಎರಡನೆಯದಾಗಿ ತೋರಿಸಿದರು. ಅದನ್ನು ನಂಬಿ ಫೋನ್ ಮಾಡಿದರೆ ಮೋಸ ಶುರು: ಮೊದಲು ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ, ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿಯ ಹೆಸರಿನಲ್ಲಿ ಇನ್ನೊಂದಿಷ್ಟು. ಕೊಳ್ಳುವವನು ಮಾರುವವನಿಂದ ಹಣ ಕೇಳುವ ವ್ಯಾಪಾರ ಯಾವ ಸಂತೆಯಲ್ಲಾದರೂ ಇದೆಯೇ? 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕ್ ಎಚ್ಚರಿಕೆ ಹೊರಡಿಸಿ, ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ ಪಡೆಯುವುದಿಲ್ಲ, ತನ್ನ ಪರವಾಗಿ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಹಣ ಕಳೆದುಕೊಂಡವರು ನಾಚಿಕೊಂಡು ಸುಮ್ಮನೆ ಕೂರಬಾರದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಇರುತ್ತದೆ.

10 ರೂಪಾಯಿ ನಾಣ್ಯದ್ದು ಇದರ ತಿರುಗುಮುರುಗು. ಅದು ನಡೆಯುವುದಿಲ್ಲ ಎಂದು ನಮ್ಮ ಅಂಗಡಿಗಳಲ್ಲಿ ವಾಪಸ್ ಕೊಡುತ್ತಾರೆ. 2018ರ ಜನವರಿಯ ಹೊತ್ತಿಗೆ ಬಂದಿದ್ದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ ಆಗಲೇ ಹೇಳಿದೆ. ನಿಂತುಹೋದದ್ದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು, 2011ರ ಜೂನ್ 30ಕ್ಕೆ.

"ಅಜ್ಜಿಯ ಗಂಟಿನಲ್ಲಿ ಇದ್ದದ್ದೆಲ್ಲ ಬೆಳ್ಳಿ"

1956ರವರೆಗೆ ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಎಲ್ಲವೂ ನಿಜಾಮನ ರಾಜ್ಯ. ಹಾಗಾಗಿ ಹಳೆಯ ಮನೆಗಳಲ್ಲಿ ಎರಡು ಬಗೆಯ ದುಡ್ಡು ಸಿಗುತ್ತದೆ: ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ, ಮತ್ತು ಬ್ರಿಟಿಷರ ಕಲ್ದಾರ್. ಕಲ್ದಾರ್ ರೂಪಾಯಿಯಲ್ಲಿ 1939ರವರೆಗೆ ಶೇ. 91.7 ಬೆಳ್ಳಿ. 1940ರಿಂದ 1945ರವರೆಗೆ ಅರ್ಧ ಮಾತ್ರ. 1946 ಮತ್ತು 1947ರದು ಪೂರಾ ನಿಕ್ಕಲ್. ಸ್ವಾತಂತ್ರ್ಯದ ವರ್ಷದ್ದು ಎಂದು 1947ರ ರೂಪಾಯಿಯನ್ನು ಬೆಳ್ಳಿ ಬೆಲೆಗೆ ಮಾರುವವರಿದ್ದಾರೆ, ಅಯಸ್ಕಾಂತ ಹಿಡಿದು ನೋಡಿ. ನಿಕ್ಕಲ್ ಅಂಟಿಕೊಳ್ಳುತ್ತದೆ, ಬೆಳ್ಳಿ ಅಂಟುವುದಿಲ್ಲ.

ಒಂದು ಕಡೆ ರಾಮ, ಸೀತೆ, ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದಿರುವ ಬಿಲ್ಲೆಯಂತೂ ಶುದ್ಧ ಕಟ್ಟುಕಥೆ. ಕಂಪನಿ ಅಂಥ ನಾಣ್ಯ ಅಚ್ಚು ಹಾಕಲೇ ಇಲ್ಲ. 1835ಕ್ಕೆ ಮೊದಲು ಅದರ ಬೆಳ್ಳಿ ರೂಪಾಯಿ ಬಹುಪಾಲು ಮೊಗಲ್ ಬಾದಶಹನ ಹೆಸರಿನಲ್ಲಿತ್ತು, 1835ರಿಂದ ಬ್ರಿಟಿಷ್ ದೊರೆಯ ತಲೆ ಬಂತು. ಇದೇ ಬಿಲ್ಲೆ ಅಕ್ಕಿಯನ್ನು ಎಳೆಯುತ್ತದೆ, ಅದರಲ್ಲಿ ಇರಿಡಿಯಂ ಇದೆ, ಕೋಟಿ ಸಿಗುತ್ತದೆ ಎಂದು ರೈಸ್ ಪುಲ್ಲಿಂಗ್ ಹೆಸರಿನಲ್ಲಿ ತೆಲಂಗಾಣ, ಕರ್ನಾಟಕ ಎರಡೂ ಕಡೆ ಜನ ಹೊಲ ಮಾರಿ ಹಾಳಾಗಿದ್ದಾರೆ. ಅಕ್ಕಿಯನ್ನು ಎಳೆಯುವ ಲೋಹ ಲೋಕದಲ್ಲೇ ಇಲ್ಲ. ತೋರಿಸುವವನ ಅಕ್ಕಿಯಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಬಿಲ್ಲೆಯಲ್ಲಿ ಅಯಸ್ಕಾಂತ ಇರುತ್ತದೆ. ನಿಮ್ಮ ಮನೆಯ ಡಬ್ಬಿಯ ಅಕ್ಕಿ ತಂದು ಮುಂದಿಡಿ, ಆಟ ಅಲ್ಲಿಗೇ ನಿಲ್ಲುತ್ತದೆ.

ಕೊನೆಗೆ ಮನೆಮನೆಯಲ್ಲೂ ಆಗುವ ಹಾನಿ. ಹಬ್ಬದ ದಿನ ಪೂಜೆಯ ಪಾತ್ರೆಗಳ ಜೊತೆ ನಾಣ್ಯವನ್ನೂ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಹೊಳೆದರೆ ಬೆಲೆ ಹೆಚ್ಚು ಎಂದು. ಸಂಗ್ರಾಹಕರ ಕಣ್ಣಿಗೆ ತಿಕ್ಕಿದ ನಾಣ್ಯ ಗಾಯಗೊಂಡದ್ದು. ಹಳೆಯ ಬೆಳ್ಳಿಯ ಮೇಲೆ ಕೂತ ಕಪ್ಪು ಅದರ ವಯಸ್ಸಿನ ಸಾಕ್ಷಿ, ಅದು ಹೋದರೆ ಬೆಲೆಯ ದೊಡ್ಡ ಪಾಲೂ ಹೋಗುತ್ತದೆ. ಪ್ರೂಫ್ ನಾಣ್ಯವನ್ನಂತೂ ಮುಚ್ಚಳ ತೆಗೆದು ಬೆರಳಿನಿಂದ ಮುಟ್ಟಲೇಬಾರದು. ಬೆವರಿನ ಗುರುತು ಕೆಲವೇ ತಿಂಗಳಲ್ಲಿ ಕಲೆಯಾಗಿ ಕಚ್ಚಿಕೊಳ್ಳುತ್ತದೆ. ಹಿಡಿಯಲೇಬೇಕಾದರೆ ಅಂಚನ್ನು ಹಿಡಿಯಿರಿ. ಟಂಕಸಾಲೆಯ ಪೆಟ್ಟಿಗೆ, ಜೊತೆಗೆ ಬಂದ ಕಾಗದ, ಕೊಂಡ ರಸೀದಿ ಮೂರನ್ನೂ ನಾಣ್ಯದ ಜೊತೆಗೇ ಇಡಿ. ಮುಂದೊಂದು ದಿನ ಮಕ್ಕಳು ಮಾರಲು ಹೊರಟರೆ ವ್ಯಾಪಾರಿ ಮೊದಲು ಕೇಳುವುದು ಅವನ್ನೇ.