ದಾದಿಯರ ವೇತನ: ಊರಿಗೆ ಬೆಲೆ, ನೈಪುಣ್ಯಕ್ಕೆ ಚಿಲ್ಲರೆ

ಜಿಲ್ಲಾ ಕೇಂದ್ರಗಳಲ್ಲಿ ಮೂವತ್ತು-ನಲವತ್ತು ಹಾಸಿಗೆಗಳ ಆಸ್ಪತ್ರೆ ನಡೆಸುವವರನ್ನು ಮಾತನಾಡಿಸಿದರೆ ಬ್ಯಾಂಕ್ ಸಾಲದ ಬಡ್ಡಿಗಿಂತ ಮೊದಲು ಕೇಳಿಬರುವ ದೂರು ಒಂದಿದೆ: ನುರಿತ ದಾದಿಯರು ನಿಲ್ಲುವುದಿಲ್ಲ. ವೆಂಟಿಲೇಟರನ್ನು ಕಂತಿನ ಮೇಲೆ ತರಬಹುದು; ಅದರ ಮುಂದೆ ರಾತ್ರಿಯಿಡೀ ಎಚ್ಚರವಾಗಿರುವ ಕೈಯನ್ನು ಕಂತಿನ ಮೇಲೆ ತರಲಾಗದು. ಎರಡು ವರ್ಷ ಕೆಲಸ ಕಲಿತ ಟರ್ನರ್ ಪಕ್ಕದ ಕಾರ್ಖಾನೆಗೆ ಹೋದಾಗ ಸಣ್ಣ ಕೈಗಾರಿಕೋದ್ಯಮಿಗಾಗುವ ಸಂಕಟವೇ ಇದು. ಆದ್ದರಿಂದ ದಾದಿಯರ ವೇತನ ಯಾವುದರ ಮೇಲೆ ನಿಂತಿದೆ ಎಂಬ ಪ್ರಶ್ನೆ ಆಸ್ಪತ್ರೆ ಮಾಲೀಕರಿಗೆ ಮಾತ್ರ ಸೇರಿದ್ದಲ್ಲ.

ದಾದಿಯರಲ್ಲಿ ಎಲ್ಲರೂ ಒಂದೇ ಕೆಲಸ ಮಾಡುವವರಲ್ಲ. ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು ಸಾಮಾನ್ಯ ವಾರ್ಡಿನಲ್ಲಿ ಕೆಲಸ ಆರಂಭಿಸುತ್ತಾರೆ. ಅಲ್ಲಿಂದ ಮುಂದೆ ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್, ನವಜಾತ ಶಿಶು ವಿಭಾಗ, ಕ್ಯಾನ್ಸರ್ ವಿಭಾಗ ಎಂದು ದಾರಿಗಳು ಕವಲೊಡೆಯುತ್ತವೆ. ಈ ವಿಷಯಗಳಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ತೀವ್ರ ನಿಗಾ ಚಿಕಿತ್ಸೆಗಾಗಿ ಭಾರತೀಯ ಶುಶ್ರೂಷಾ ಪರಿಷತ್ತು ಎರಡು ವರ್ಷಗಳ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಪಠ್ಯಕ್ರಮವನ್ನೇ ರೂಪಿಸಿದೆ. ಇಷ್ಟು ಕಲಿತವರಿಗೆ ಅದಕ್ಕೆ ತಕ್ಕ ಹೆಚ್ಚಿನ ವೇತನ ಇರಬೇಕೆಂದು ಯಾರಾದರೂ ಊಹಿಸುವುದು ಸಹಜ. ವಾಸ್ತವ ಬೇರೆಯೇ ಇದೆ.

ಲೆಕ್ಕ ಸ್ಪಷ್ಟವಾಗಿರುವ ಕೇಂದ್ರ ಸರ್ಕಾರದ ಸೇವೆಯನ್ನೇ ಮೊದಲು ನೋಡಬಹುದು. ಏಳನೆಯ ವೇತನ ಆಯೋಗದ ಶ್ರೇಣಿಗಳು 2016ರಿಂದ ಅನ್ವಯವಾದಾಗ ಶುಶ್ರೂಷಾಧಿಕಾರಿಯ ಆರಂಭಿಕ ಮೂಲ ವೇತನ ರೂ. 44,900 ಎಂದು ನಿಗದಿಯಾಯಿತು. 2017ರ ಜುಲೈನಿಂದ ಶುಶ್ರೂಷಾ ಭತ್ಯೆ ತಿಂಗಳಿಗೆ ರೂ. 4,800ರಿಂದ 7,200ಕ್ಕೇರಿತು. ಇದು ವಿಭಾಗದ ಭೇದವಿಲ್ಲದೆ ಎಲ್ಲ ದಾದಿಯರಿಗೂ ದೊರೆಯುವ ಭತ್ಯೆ. ವಿಶೇಷ ಕೆಲಸಕ್ಕೆಂದು ಇದ್ದ ಆಪರೇಷನ್ ಥಿಯೇಟರ್ ಭತ್ಯೆಯನ್ನು ಅದೇ ಸಂದರ್ಭದಲ್ಲಿ ರೂ. 360ರಿಂದ 540ಕ್ಕೆ ಹೆಚ್ಚಿಸಲಾಯಿತು. ತಿಂಗಳಿಗೆ ಐನೂರ ನಲವತ್ತು ರೂಪಾಯಿ!

ಇನ್ನು ಊರಿನ ಬೆಲೆ. ಅದೇ 2017ರ ಜುಲೈನಲ್ಲಿ ಮನೆ ಬಾಡಿಗೆ ಭತ್ಯೆ ಬೆಂಗಳೂರಿನಂತಹ ಎಕ್ಸ್ ವರ್ಗದ ನಗರಗಳಲ್ಲಿ ಮೂಲ ವೇತನದ ಶೇ. 24, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳಂತಹ ವೈ ವರ್ಗದಲ್ಲಿ ಶೇ. 16, ಉಳಿದ ಊರುಗಳಲ್ಲಿ ಶೇ. 8 ಆಗಿತ್ತು. ರೂ. 44,900ರ ಮೇಲೆ ಬೆಂಗಳೂರಿನಲ್ಲಿ ರೂ. 10,776 ಬಂದರೆ ಸಣ್ಣ ಊರಿನಲ್ಲಿ ರೂ. 3,592 ಬರುತ್ತಿತ್ತು, ಅಂತರ ರೂ. 7,184. ಶಸ್ತ್ರಚಿಕಿತ್ಸಾ ಕೊಠಡಿಯ ನೈಪುಣ್ಯಕ್ಕೆ ಸಿಗುವುದರ ಹದಿಮೂರು ಪಟ್ಟು ಬರಿಯ ಊರಿನ ಹೆಸರಿಗೆ ಸಿಕ್ಕಂತಾಯಿತು. ತುಟ್ಟಿಭತ್ಯೆ ಶೇ. 50 ಮುಟ್ಟಿದ 2024ರಲ್ಲಿ ಈ ದರಗಳು ಶೇ. 30, 20 ಮತ್ತು 10 ಆದವು. ಅದೇ ಮೂಲ ವೇತನದ ಮೇಲೆ ಅಂತರ ರೂ. 8,980ಕ್ಕೆ ಬೆಳೆಯಿತು. ಬಾಡಿಗೆ ಹೆಚ್ಚಿರುವ ಕಡೆ ಭತ್ಯೆ ಹೆಚ್ಚಿರುವುದು ನ್ಯಾಯವೇ. ನೈಪುಣ್ಯದ ಪಾಲು ಇಷ್ಟು ಕಿರಿದಾಗಿರುವುದು ಮಾತ್ರ ಯೋಚಿಸತಕ್ಕ ಸಂಗತಿ.

ಖಾಸಗಿ ವಲಯದಲ್ಲಿ ಅಳತೆಗೋಲು ಮತ್ತೊಂದು. ಭಾರತೀಯ ತರಬೇತಿ ಪಡೆದ ದಾದಿಯರ ಸಂಘವು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರ ಜನವರಿ 29ರಂದು, ಖಾಸಗಿ ಆಸ್ಪತ್ರೆಗಳ ದಾದಿಯರ ವೇತನ ಹಾಗೂ ಸೇವಾ ಸ್ಥಿತಿಗತಿಗಳನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅಂದಿನ ಆರೋಗ್ಯ ಸೇವೆಗಳ ಮಹಾನಿರ್ದೇಶಕರಾಗಿದ್ದ ಜಗದೀಶ್ ಪ್ರಸಾದ್ ಅವರ ನೇತೃತ್ವದ ಸಮಿತಿಯು ಹಾಸಿಗೆಗಳ ಸಂಖ್ಯೆಯನ್ನೇ ಆಧಾರವಾಗಿ ಹಿಡಿಯಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ರಾಜ್ಯ ಸರ್ಕಾರದ ಅದೇ ದರ್ಜೆಯ ದಾದಿಯರಿಗೆ ಸಮನಾದ ವೇತನ. ನೂರಕ್ಕೆ ಮೇಲ್ಪಟ್ಟಿದ್ದಲ್ಲಿ ಅದಕ್ಕಿಂತ ಶೇ. 10ಕ್ಕೆ ಮೀರದಷ್ಟು ಕಡಿಮೆ. ಐವತ್ತರಿಂದ ನೂರರವರೆಗೆ ಶೇ. 25ಕ್ಕೆ ಮೀರದಷ್ಟು ಕಡಿಮೆ. ಐವತ್ತಕ್ಕಿಂತ ಕಡಿಮೆ ಇದ್ದಲ್ಲಿ ಕನಿಷ್ಠ ರೂ. 20,000. ಇದು ಶಿಫಾರಸು ಮಾತ್ರ. ಆರೋಗ್ಯವು ರಾಜ್ಯಗಳ ವಿಷಯವಾದ್ದರಿಂದ ಜಾರಿಯ ಹೊಣೆ ರಾಜ್ಯಗಳ ಮೇಲೆ ಬಿತ್ತು. ಕೇರಳದಲ್ಲಿ ದಾದಿಯರ ದೀರ್ಘ ಮುಷ್ಕರಗಳ ನಂತರ 2018ರ ಏಪ್ರಿಲ್‌ನಲ್ಲಿ ರೂ. 20,000 ಮೂಲ ವೇತನದ ಅಧಿಸೂಚನೆ ಹೊರಬಿದ್ದಿತು. ಅಲ್ಲಿಯೂ ಹೆಚ್ಚುವರಿ ಭತ್ಯೆಯನ್ನು ಹಾಸಿಗೆಗಳ ಸಂಖ್ಯೆಗೇ ಜೋಡಿಸಲಾಯಿತು.

ಈ ಸೂತ್ರದ ಕೊರತೆ ವ್ಯಾಪಾರಿಗಳ ಕಣ್ಣಿಗೆ ಬೇಗ ಬೀಳುವಂಥದು. ನಲವತ್ತು ಹಾಸಿಗೆಗಳ ಹೃದ್ರೋಗ ಆಸ್ಪತ್ರೆಯಲ್ಲಿ ಪ್ರತಿ ಪಾಳಿಯೂ ಜೀವನ್ಮರಣದ ಕೆಲಸ. ಇನ್ನೂರೈವತ್ತು ಹಾಸಿಗೆಗಳ ಸಾಮಾನ್ಯ ಆಸ್ಪತ್ರೆಯ ಹಲವು ವಾರ್ಡುಗಳಲ್ಲಿ ಹಾಗಲ್ಲ. ಆದರೂ ಸೂತ್ರದ ಪ್ರಕಾರ ಮೊದಲನೆಯದು ಕೆಳಗಿನ ಮೆಟ್ಟಿಲು, ಎರಡನೆಯದು ಮೇಲಿನದು. ಅಂಗಡಿಯ ಚದರಡಿ ಅಳೆದು ಅಕ್ಕಸಾಲಿಗನ ಕೂಲಿ ಗೊತ್ತುಮಾಡಿದಂತೆ ಇದು. ರೋಗಿಗೆ ಕೊಡುವ ಬಿಲ್ಲಿನಲ್ಲಿಯೂ ಇದೇ ನೋಟ ಕಾಣುತ್ತದೆ: ಎಷ್ಟೋ ಆಸ್ಪತ್ರೆಗಳಲ್ಲಿ ಶುಶ್ರೂಷಾ ಶುಲ್ಕ ಏರಿಳಿಯುವುದು ಕೊಠಡಿಯ ದರ್ಜೆಯ ಮೇಲೆ. ಒಬ್ಬಳೇ ದಾದಿ ಒಂದೇ ಚುಚ್ಚುಮದ್ದನ್ನು ಸಾಮಾನ್ಯ ವಾರ್ಡಿನಲ್ಲಿ ಕೊಟ್ಟರೆ ಒಂದು ದರ, ವಿಶೇಷ ಕೊಠಡಿಯಲ್ಲಿ ಕೊಟ್ಟರೆ ಇನ್ನೊಂದು. ಆ ವ್ಯತ್ಯಾಸ ಅವಳ ಕೈಗೆ ಬರುತ್ತದೆಯೆಂದು ಯಾರೂ ತಿಳಿಯಬೇಕಾಗಿಲ್ಲ.

ಹೊರದೇಶಗಳಲ್ಲಿಯೂ ಊರಿಗೆ ಬೆಲೆಯುಂಟು. ಬ್ರಿಟನ್ನಿನ ಎನ್.ಎಚ್.ಎಸ್. ಸೇವೆಯಲ್ಲಿ ಲಂಡನ್ನಿನ ಒಳವಲಯಕ್ಕೆ ಶೇ. 20, ಹೊರವಲಯಕ್ಕೆ ಶೇ. 15, ಅಂಚಿನ ಪ್ರದೇಶಕ್ಕೆ ಶೇ. 5 ಎಂದು ಕನಿಷ್ಠ-ಗರಿಷ್ಠ ಮಿತಿಗಳೊಡನೆ ಪೂರಕ ಭತ್ಯೆಯಿದೆ. ಆದರೆ ಅಲ್ಲಿ ಹೊಸ ದಾದಿ ಐದನೆಯ ಶ್ರೇಣಿಯಲ್ಲಿ ಸೇರಿದರೆ, ವಿಶೇಷ ಹೊಣೆಯ ಹುದ್ದೆಗೆ ಏರಿದಾಗ ಆರನೆಯ ಶ್ರೇಣಿಗೆ ಹೋಗುತ್ತಾಳೆ. ಮೂಲ ವೇತನವೇ ಬದಲಾಗುತ್ತದೆ. ಅಮೆರಿಕದಲ್ಲಿ ಈ ಅಂತರ ಮತ್ತೂ ಹೆಚ್ಚು. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ 2022ರ ಮೇ ತಿಂಗಳ ಲೆಕ್ಕದಂತೆ ನೋಂದಾಯಿತ ದಾದಿಯ ಸರಾಸರಿ ವಾರ್ಷಿಕ ವೇತನ ಕ್ಯಾಲಿಫೋರ್ನಿಯಾದಲ್ಲಿ 1,33,340 ಡಾಲರ್, ದಕ್ಷಿಣ ಡಕೋಟಾದಲ್ಲಿ 64,500 ಡಾಲರ್. ಊರಿನ ಅಂತರ ಎರಡು ಪಟ್ಟು. ಅದೇ ವರ್ಷ ದೇಶದಲ್ಲಿ ನೋಂದಾಯಿತ ದಾದಿಯ ಮಧ್ಯಮ ವೇತನ 81,220 ಡಾಲರ್ ಇದ್ದರೆ ಅರಿವಳಿಕೆಯಲ್ಲಿ ಪರಿಣತಿ ಪಡೆದ ದಾದಿಯದು 2,03,090 ಡಾಲರ್. ನೈಪುಣ್ಯದ ಅಂತರ ಎರಡೂವರೆ ಪಟ್ಟು. ಅರಿವಳಿಕೆ ದಾದಿಗೆ ಅಲ್ಲಿನ ಕಾನೂನು ಸ್ವತಂತ್ರ ಹೊಣೆಯನ್ನು ಕೊಟ್ಟಿರುವುದು ಇದಕ್ಕೆ ಮುಖ್ಯ ಕಾರಣ. ನಮ್ಮಲ್ಲಿ ನೈಪುಣ್ಯ ಹೆಚ್ಚಿದರೂ ಅಧಿಕಾರ ಹೆಚ್ಚುವುದಿಲ್ಲ.

ಇಲ್ಲಿ ನೈಪುಣ್ಯಕ್ಕೆ ಬೆಲೆ ಸಿಗದಿದ್ದಾಗ ಅದು ಬೆಲೆ ಸಿಗುವೆಡೆಗೆ ಹೊರಡುತ್ತದೆ. ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆಗಳು ಕೇಳುವುದು ಸಾಮಾನ್ಯವಾಗಿ ಎರಡು ವರ್ಷದ ಅನುಭವವನ್ನು, ಅದರಲ್ಲಿಯೂ ತೀವ್ರ ನಿಗಾ ಘಟಕ, ಡಯಾಲಿಸಿಸ್‌ಗಳ ಅನುಭವವನ್ನು. ಜರ್ಮನಿಯೊಂದಿಗೆ ಕೇರಳ ಸರ್ಕಾರದ ನೋರ್ಕಾ ಸಂಸ್ಥೆ 2021ರಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ಭಾಷೆ ಕಲಿತು ಅತ್ತ ಹೋಗುವವರೂ ಇದ್ದಾರೆ. ಕೊರೋನಾ ಕಾಲದ 2020ರ ಮೇ ತಿಂಗಳಲ್ಲಿ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಿಂದ ಮಣಿಪುರ ಮೊದಲಾದ ರಾಜ್ಯಗಳ ನೂರಾರು ದಾದಿಯರು ಒಮ್ಮೆಲೇ ಊರಿಗೆ ಮರಳಿದಾಗ ಆ ನಗರದ ಆಸ್ಪತ್ರೆಗಳು ತತ್ತರಿಸಿದವು. ಕೇರಳ ಮತ್ತು ಈಶಾನ್ಯ ರಾಜ್ಯಗಳಿಂದ ಬಂದ ದಾದಿಯರನ್ನೇ ಬಹುವಾಗಿ ನೆಚ್ಚಿರುವ ನಮ್ಮ ನಗರಗಳೂ ಅದನ್ನು ಮರೆಯುವಂತಿಲ್ಲ.

ಕೆಲವು ಮಾಲೀಕರು ಮೂಲ ಪ್ರಮಾಣಪತ್ರಗಳನ್ನು ತಮ್ಮ ಬಳಿ ಇರಿಸಿಕೊಂಡು ಅಥವಾ ಬಾಂಡ್ ಬರೆಸಿಕೊಂಡು ದಾದಿಯರನ್ನು ಹಿಡಿದಿಡಲು ನೋಡುತ್ತಾರೆ. ಇದು ಅನ್ಯಾಯವಷ್ಟೇ ಅಲ್ಲ, ಲಾಭವೂ ಇಲ್ಲ. ಅಂಥಲ್ಲಿಗೆ ಒಳ್ಳೆಯ ಕೆಲಸಗಾರರು ಬರುವುದೇ ನಿಂತುಹೋಗುತ್ತದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಮೂಲ ವೇತನಕ್ಕೆ ಸರಿಗಟ್ಟಲು ಸಣ್ಣ ಊರಿನ ಆಸ್ಪತ್ರೆಗೆ ಸಾಧ್ಯವಿಲ್ಲ, ಅದರ ಅಗತ್ಯವೂ ಅಷ್ಟಾಗಿ ಇಲ್ಲ. ಸಣ್ಣ ಊರಿನಲ್ಲಿ ಬಾಡಿಗೆ, ಓಡಾಟದ ಖರ್ಚು ಕಡಿಮೆ. ಕೊರತೆ ಇರುವುದು ನೈಪುಣ್ಯದ ಭತ್ಯೆಯಲ್ಲಿ.

ಉದಾಹರಣೆಗೆ, ಆರು ಹಾಸಿಗೆಗಳ ತೀವ್ರ ನಿಗಾ ಘಟಕವೊಂದನ್ನು ತೆಗೆದುಕೊಳ್ಳಬಹುದು. ಇಬ್ಬರು ರೋಗಿಗಳಿಗೆ ಒಬ್ಬ ದಾದಿಯಂತೆ ಪಾಳಿಗೆ ಮೂವರು, ಮೂರು ಪಾಳಿಗೆ ಒಂಬತ್ತು ಮಂದಿ. ವಾರದ ರಜೆ, ಇತರ ರಜೆಗಳಿಗೆಂದು ಇನ್ನು ಮೂವರನ್ನು ಸೇರಿಸಿದರೆ ಹನ್ನೆರಡು. ಇವರಿಗೆ ತಲಾ ರೂ. 3,000 ವಿಶೇಷ ಭತ್ಯೆ ಕೊಟ್ಟರೆ ತಿಂಗಳಿಗೆ ರೂ. 36,000 ಆಗುತ್ತದೆ. ಆ ವೆಚ್ಚದ ಎದುರು ಬರೆಯಬೇಕಾದ ಬಾಬ್ತುಗಳೆಂದರೆ, ಹೊಸಬರಿಗೆ ಕೆಲಸ ಕಲಿಸುವ ವಾರಗಳ ವೇತನ, ದಾದಿಯರಿಲ್ಲದೆ ಬೇರೆ ಆಸ್ಪತ್ರೆಗೆ ಕಳುಹಿಸಿದ ರೋಗಿಗಳಿಂದಾದ ನಷ್ಟ, ಖಾಲಿ ಬಿದ್ದ ಹಾಸಿಗೆಯ ದಿನದ ದರ. ರೂ. 36,000 ಅಂಥ ಹಾಸಿಗೆಯ ಎಷ್ಟು ದಿನಗಳ ಆದಾಯಕ್ಕೆ ಸಮ ಎಂಬುದನ್ನು ಪ್ರತಿಯೊಬ್ಬ ಮಾಲೀಕರೂ ತಮ್ಮದೇ ದರಪಟ್ಟಿಯಿಂದ ನಿಮಿಷದೊಳಗೆ ತೆಗೆಯಬಲ್ಲರು.